ಒಂಬತ್ತಕ್ಕೆ ಮುಚ್ಚಿದ ಗೇಟು, ಒಂಬತ್ತಕ್ಕೆ ಸಿಕ್ಕ ಹಿಮ

ಜನವರಿಯ ಒಂದು ಶುಕ್ರವಾರ. ಜಯನಗರ, ಬನಶಂಕರಿ, ಬಿಟಿಎಂ ಲೇಔಟ್‌ನಿಂದ ಒಬ್ಬೊಬ್ಬರು, ಜೆಪಿ ನಗರದಿಂದ ನಾನು. ನಾಲ್ಕು ಜನ, ಮೂರು ಬೈಕು. ಬಿಟಿಎಂನವನಿಗೆ ಕೆನಡಾದಲ್ಲಿ ಕೆಲಸ ಸಿಕ್ಕಿತ್ತು, ಮುಂದಿನ ವಾರ ಫ್ಲೈಟ್. "ಅಲ್ಲಿ ಸ್ನೋಮೊಬೈಲ್ ಹತ್ತಿ ಕಾಡು ಸುತ್ತೋದು ಇದ್ದೇ ಇದೆ. ಮೊದಲು ನಮ್ಮ ಕಡೆ ಹಿಮ ನೋಡ್ಕೊಂಡು ಹೋಗು ಮಗಾ" ಅಂತ ಹೊರಡಿಸಿದ್ದೆವು.

ನಮ್ಮ ಕಡೆ ಹಿಮ ಅಂದರೆ ಊಟಿ ಹತ್ತಿರದ ತಲೈಕುಂದಾ. ಮೋಡವಿಲ್ಲದ, ಗಾಳಿಯಿಲ್ಲದ ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿನ ತಗ್ಗಿಗೆ ತಣ್ಣನೆ ಗಾಳಿ ಇಳಿದು ನಿಲ್ಲುತ್ತದೆ. ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಬಯಲೆಲ್ಲ ಬಿಳಿ. ಆದರೆ ಬಿಸಿಲು ಬಿದ್ದರೆ ಮುಗೀತು, ನೀರು. ಹಾಗಾಗಿ ಪ್ಲಾನ್ ಏನೆಂದರೆ, ಕತ್ತಲಾಗುವಷ್ಟರಲ್ಲಿ ಬಂಡೀಪುರ ದಾಟಿ ಮಸಿನಗುಡಿಯಲ್ಲಿ ಮಲಗಿ, ಬೆಳಗ್ಗೆ ಬೇಗ ಘಾಟಿ ಹತ್ತುವುದು. ಮಧ್ಯಾಹ್ನ ಒಂದಕ್ಕೆ ಹೊರಡಬೇಕಿತ್ತು. ಕೆನಡಾ ಸಾಹೇಬರ ಆಫೀಸ್ ಕಾಲ್ ಮುಗಿದಾಗ ನಾಲ್ಕು.

ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕಿಗೆ ಪ್ರವೇಶವಿಲ್ಲ. ನಾವು ದಕ್ಷಿಣದವರಿಗೆ ಅದು ಬೇಕೂ ಇಲ್ಲ ಬಿಡಿ, ಕನಕಪುರ ರಸ್ತೆ ಇದೆಯಲ್ಲ. ಸಾತನೂರು, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ. ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಮುಟ್ಟಿದಾಗ 9 ಗಂಟೆ 10 ನಿಮಿಷ. ಗೇಟು ಹಾಕಿತ್ತು.

2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವಿಲ್ಲ. ಆಂಬುಲೆನ್ಸು, ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಬನಶಂಕರಿಯವನು ಶುರು ಮಾಡಿದ: "ಸರ್, ಹತ್ತೇ ನಿಮಿಷ ಸರ್, ಇವನು ಫಾರಿನ್‌ಗೆ ಹೋಗ್ತಿದಾನೆ..." ಪರ್ಸ್ ಕಡೆಗೂ ಕೈ ಹೋಯಿತು. ನಾನೂ ತಡೆಯಲಿಲ್ಲ, ಸುಳ್ಳು ಯಾಕೆ ಹೇಳಲಿ.

ಗಾರ್ಡ್ ವಯಸ್ಸಾದವರು. ಸಿಟ್ಟಾಗಲಿಲ್ಲ. "ಆಗಲ್ಲ ಕಣ್ರಪ್ಪ. ಹಗಲೆಲ್ಲ ನೀವೇ ಓಡಾಡ್ತೀರಿ, ರಾತ್ರಿ ಒಂದ್ ಅವುಕ್ ಬಿಡಿ. ಗಾಡಿ ಹೊಡೆದು ಬಿದ್ದಿದ್ ಜಿಂಕೆಗಳ್ನ ರೋಡಿಂದ ಎಳೆದು ಹಾಕಿದ್ ಕೈ ಇದು" ಅಂದರು. ಪರ್ಸ್ ವಾಪಸ್ ಜೇಬಿಗೆ ಹೋಯಿತು. ಗುಂಡ್ಲುಪೇಟೆಗೆ ತಿರುಗಿ ಬಂದು ಲಾಡ್ಜ್ ಹಿಡಿದೆವು. ಬಿಟಿಎಂನವನು ಊಟಕ್ಕೂ ಬರಲಿಲ್ಲ.

ಬೆಳಗ್ಗೆ ಆರಕ್ಕೆ ತರಕಾರಿ ಲಾರಿಗಳ ಹಿಂದೆ ಕಾಡಿನೊಳಗೆ ಹೋದೆವು. ಎರಡು ಗ್ಲೌಸ್ ಹಾಕಿದ್ದರೂ ಬೆರಳು ಮರಗಟ್ಟಿತ್ತು. ಸ್ವಲ್ಪ ದೂರಕ್ಕೆ ಮುಂದಿನ ಲಾರಿ ನಿಂತಿತು. ಮಂಜಿನೊಳಗಿಂದ ಒಂದು ಹೆಣ್ಣಾನೆ, ಹೊಟ್ಟೆ ಕೆಳಗೆ ಮರಿ, ಹಿಂದೆ ಇನ್ನೆರಡು. ಅವಸರವೇ ಇಲ್ಲ. ಯಾರೂ ಹಾರ್ನ್ ಮಾಡಲಿಲ್ಲ. ಆ ಮರಿ ಡಾಂಬರಿನ ಅಂಚಲ್ಲಿ ಎಡವಿ, ಸಾವರಿಸಿಕೊಂಡು ದಾಟಿತು. ಇದೇ ಜಾಗದಲ್ಲಿ ರಾತ್ರಿ ನಾವು ಎಂಬತ್ತರಲ್ಲಿ ಬರುತ್ತಿದ್ದೆವು.

ತೆಪ್ಪಕಾಡು, ಮಸಿನಗುಡಿ, ಆಮೇಲೆ ಕಲ್ಲಟ್ಟಿ ಘಾಟಿಯ 36 ತಿರುವುಗಳು. ಫಸ್ಟ್ ಗೇರ್‌ನಲ್ಲೇ ಉಸಿರುಬಿಡುತ್ತಾ ಹತ್ತಿದವು ಬೈಕು. (ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ಮನೆಯಲ್ಲೇ ಮಾಡಿಕೊಂಡು ಹೊರಡಿ.) ತಲೈಕುಂದಾ ಮುಟ್ಟಿದಾಗ ಒಂಬತ್ತು. ಹೊಳೆಯುವ ಬಿಸಿಲು. ಬಯಲೆಲ್ಲ ಬರೀ ಒದ್ದೆ ಹುಲ್ಲು.

ಯಾರೂ ಮಾತಾಡಲಿಲ್ಲ. ಟೀ ಅಂಗಡಿಗೆ ಹೋದೆವು. ಅಂಗಡಿಯ ಅಜ್ಜಿ ಬಡಗರವರು. ಬಡಗ ಭಾಷೆ ನಮ್ಮ ಕನ್ನಡಕ್ಕೆ ಹತ್ತಿರದ್ದು, ನಿಧಾನಕ್ಕೆ ಕೇಳಿದರೆ ಅರ್ಧ ತಿಳಿಯುತ್ತದೆ. ನಮ್ಮ ಮುಖ ನೋಡಿ ಅವರು ನಕ್ಕು, ಶೆಡ್ಡಿನ ಹಿಂದೆ ಕೈ ತೋರಿಸಿದರು.

ಅಲ್ಲಿ ಬಿಸಿಲು ಇನ್ನೂ ಬಂದಿರಲಿಲ್ಲ. ಶೆಡ್ಡಿನ ನೆರಳು ಎಷ್ಟು ಅಗಲವೋ ಅಷ್ಟೇ ಅಗಲಕ್ಕೆ, ಗೆರೆ ಎಳೆದ ಹಾಗೆ, ಹುಲ್ಲು ಬೆಳ್ಳಗಿತ್ತು. ಒಂದು ಚಾಪೆಯಷ್ಟು ಹಿಮ.

ಬಿಟಿಎಂನವನು ಗ್ಲೌಸ್ ತೆಗೆದು, ಉಗುರಲ್ಲಿ ಕೆರೆದು, ಅಂಗೈ ಮೇಲಿಟ್ಟುಕೊಂಡ. ಫೋಟೊ ತೆಗೆಯೋ ಅಂದರೆ "ತಡಿ ಮಗಾ" ಅಂದ. ಅದು ಕರಗುವವರೆಗೂ ನೋಡುತ್ತಾ ಕೂತ. ನೆರಳು ಒಂದು ಗೇಣು ಹಿಂದೆ ಸರಿದಿತ್ತು. ಅಜ್ಜಿ ಟೀ ಆರ್ತಿದೆ ಅಂತ ಕೂಗಿದರು.