ಮಳೆಯ ನಕ್ಷತ್ರ, ಮಾಸದ ನಕ್ಷತ್ರ

ಶಾಸನಪಾಠದಲ್ಲಿ ಕಾಲನಿರ್ದೇಶದ ಸಾಲುಗಳು ಬಂದಾಗ ವಿದ್ಯಾರ್ಥಿಗಳು ಅವನ್ನು ಬೇಗನೆ ದಾಟಿಬಿಡಲು ಬಯಸುತ್ತಾರೆ. ಶಕವರ್ಷ, ಸಂವತ್ಸರ, ಮಾಸ, ತಿಥಿ, ಸಂಕ್ರಮಣ, ಗ್ರಹಣ ಇವೆಲ್ಲ ಅವರ ಪಾಲಿಗೆ ದಾನದ ವಿವರಕ್ಕೆ ಮುನ್ನ ಬರುವ ಶಿಷ್ಟಾಚಾರ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳನ್ನು ತೆರೆದು ಕ್ರಿಸ್ತಶಕದ ದಿನಾಂಕವನ್ನು ಬರೆದುಕೊಂಡರೆ ಕೆಲಸ ಮುಗಿಯಿತು. ಇಪ್ಪತ್ತೇಳು ನಕ್ಷತ್ರಗಳ ಹೆಸರನ್ನು ಒಂದೇ ಉಸಿರಿಗೆ ಹೇಳಬಲ್ಲ ಹುಡುಗಿಯೊಬ್ಬಳನ್ನು ಅವುಗಳಲ್ಲಿ ಒಂದನ್ನಾದರೂ ಆಕಾಶದಲ್ಲಿ ತೋರಿಸಲು ಕೇಳಿದೆ. ಆಕೆ ನಕ್ಕು ತಲೆ ತಗ್ಗಿಸಿದಳು.

ಈ ಕಾರಣದಿಂದಲೇ 2025ರ ಫೆಬ್ರವರಿ 5ರಂದು, ಮಾಘ ಶುದ್ಧ ಅಷ್ಟಮಿಯ ಸಂಜೆ, ನಗರದ ಕೆಲವು ಹವ್ಯಾಸಿಗಳು ಕರೂರು ಕೈಗಾರಿಕಾ ಪ್ರದೇಶದ ಅಂಚಿನ ಬಯಲಿನಲ್ಲಿ ದೂರದರ್ಶಕ ಇಡುತ್ತಾರೆಂದು ತಿಳಿದಾಗ ಎಂ.ಎ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆ. ನಕ್ಷತ್ರ ನೋಡಲು ಕಾರ್ಖಾನೆಗಳ ದೀಪದಡಿ ಹೋಗುವುದೇ ಎಂದು ಸಹೋದ್ಯೋಗಿಗಳು ಹಾಸ್ಯ ಮಾಡಿದರು. ಆದರೆ ಇಂತಹ ಕೂಟಗಳ ಮೂಲತತ್ತ್ವವೇ ಅದು. 1973ರಲ್ಲಿ ಕ್ಯಾಲಿಫೋರ್ನಿಯಾದ ಡಗ್ ಬರ್ಗರ್ ಎಂಬ ಹವ್ಯಾಸಿ ‘ಖಗೋಳ ದಿನ’ವನ್ನು ಆರಂಭಿಸಿದ್ದು, ಜನರು ವೀಕ್ಷಣಾಲಯಕ್ಕೆ ಬರಲೆಂದು ಕಾಯದೆ ದೂರದರ್ಶಕವನ್ನೇ ಜನರಿರುವ ಕಡೆಗೆ ಒಯ್ಯಬೇಕೆಂಬ ಉದ್ದೇಶದಿಂದ. ಇಂದಿಗೂ ಅದನ್ನು ಶುಕ್ಲಾಷ್ಟಮಿಯ ಆಸುಪಾಸಿನ ಶನಿವಾರಗಳಂದು, ವರ್ಷಕ್ಕೆರಡು ಬಾರಿ ನಡೆಸುತ್ತಾರೆ. ಅರ್ಧಚಂದ್ರನಲ್ಲಿ ಬೆಳಕು-ಕತ್ತಲೆಗಳ ಗಡಿಯ ಕುಳಿಗಳಿಗೆ ಉದ್ದನೆಯ ನೆರಳು ಬಿದ್ದು ಅವು ಸ್ಪಷ್ಟವಾಗಿ ಕಾಣುತ್ತವೆ. ಅವರ ವಸಂತದ ದಿನ ನಮ್ಮಲ್ಲಿ ಮುಂಗಾರುಪೂರ್ವ ಮೋಡಗಳ ಕಾಲ. ನಮ್ಮ ಸೀಮೆಗೆ ಮಾಘವೇ ಲೇಸು.

ಅಂದು ಶುಕ್ರ ಪಶ್ಚಿಮದಲ್ಲಿತ್ತು. ದೂರದರ್ಶಕದಲ್ಲಿ ಅದು ಪುಟ್ಟ ಚಂದ್ರನಂತೆ ಬಾಗಿ ಕಾಣುತ್ತಿತ್ತು. ಚಂದ್ರ, ಕೃತ್ತಿಕೆ, ರೋಹಿಣಿ ಮೂರೂ ನೆತ್ತಿಯ ಸಮೀಪದಲ್ಲಿದ್ದವು. ರೋಹಿಣಿಯ ಪಕ್ಕದಲ್ಲೇ ಗುರು, ಅದರ ಇಕ್ಕೆಲಗಳಲ್ಲಿ ಉಪಗ್ರಹಗಳು. ಬೆಳದಿಂಗಳು ಮತ್ತು ಬೀದಿದೀಪಗಳ ನಡುವೆ ಕೃತ್ತಿಕೆಯಲ್ಲಿ ಬರಿಗಣ್ಣಿಗೆ ನಾಲ್ಕು ಚುಕ್ಕಿಗಳನ್ನು ಎಣಿಸಿದೆವು. ಪುರಾಣದ ಆರು ಮಂದಿ ತಾಯಂದಿರು ಬೇಕಾದರೆ ಬೈನಾಕ್ಯುಲರ್ ಹಿಡಿಯಬೇಕಿತ್ತು. ಹಿಡಿದರೆ ಆರಕ್ಕೇ ನಿಲ್ಲುವುದೂ ಸಾಧ್ಯವಿರಲಿಲ್ಲ.

ಸಮೀಪದ ಕಾರ್ಖಾನೆಯ ಕಾವಲುಗಾರರೊಬ್ಬರು ಕುತೂಹಲದಿಂದ ಬಂದು ನಿಂತರು. ಹರಿಹರ ತಾಲ್ಲೂಕಿನ ರೈತ ಮನೆತನದವರು. ಶುಕ್ರವನ್ನು ತೋರಿಸಿದಾಗ, “ಬೆಳ್ಳಿ ಬೆಳಗಿನ ಜಾವ ಮೂಡ್ತತಲ್ರೀ ಸಾರ್, ಸಂಜಿಗೆ ಹೆಂಗ್ ಬಂತು?” ಎಂದರು. ಅನಂತರ ಕೇಳಿದ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು: “ಇದ್ರಾಗ ಮಿರಗ ಯಾವುದ್ರೀ?” ಹವ್ಯಾಸಿ ಯುವಕನು ಮಹಾವ್ಯಾಧನ ತಲೆಯ ಭಾಗದಲ್ಲಿ ಒತ್ತಾಗಿರುವ ಮೂರು ಮಂಕು ಚುಕ್ಕಿಗಳನ್ನು ತೋರಿಸಿದನು. “ಆ ಮಳ್ಯಾಗ ಎಷ್ಟು ವರ್ಷ ಮೆಕ್ಕಿಜೋಳ ಬಿತ್ತೀವಿ. ಚುಕ್ಕಿ ನೋಡಿದ್ದು ಇವತ್ತ.”

ಅವರು ಅದುವರೆಗೆ ಕಾಣದಿದ್ದುದಕ್ಕೆ ಅಜ್ಞಾನವಲ್ಲ, ಆಕಾಶವೇ ಕಾರಣ. ಮಳೆಗೆ ನಾವು ಕೊಡುವ ಹೆಸರು ಸೂರ್ಯನಿರುವ ನಕ್ಷತ್ರದ್ದು. ವರ್ಷವನ್ನು ಇಪ್ಪತ್ತೇಳರಿಂದ ಭಾಗಿಸಿದರೆ ಒಂದೊಂದು ಮಳೆಗೆ ಹದಿಮೂರೂವರೆ ದಿನ. ಮೇ 25ರ ವೇಳೆಗೆ ರೋಹಿಣಿ, ಜೂನ್ 8ರ ವೇಳೆಗೆ ಮೃಗಶಿರಾ, ಜೂನ್ 22ರ ವೇಳೆಗೆ ಆರಿದ್ರಾ ಹುಟ್ಟುತ್ತವೆ. ಸೂರ್ಯನೊಡನಿರುವ ನಕ್ಷತ್ರ ಅವನೊಡನೆಯೇ ಮೂಡಿ, ಅವನೊಡನೆಯೇ ಮುಳುಗುವುದರಿಂದ, ಯಾವ ನಕ್ಷತ್ರದ ಮಳೆ ಸುರಿಯುತ್ತಿದೆಯೋ ಆ ನಕ್ಷತ್ರವನ್ನು ಆಗ ಯಾರೂ ಕಾಣಲಾರರು, ಮೋಡವಿಲ್ಲದಿದ್ದರೂ ಕಾಣಲಾರರು. ಮಾಸದ ಹೆಸರು ಇದಕ್ಕೆ ವಿರುದ್ಧ. ಹುಣ್ಣಿಮೆಯ ಚಂದ್ರನು ಯಾವ ನಕ್ಷತ್ರದ ಬಳಿ ನಿಲ್ಲುವನೋ ಅದರಿಂದ ಮಾಸಕ್ಕೆ ಹೆಸರು. ಆ ನಕ್ಷತ್ರ ಸಂಜೆ ಮೂಡಿ ಇರುಳಿಡೀ ಆಕಾಶದಲ್ಲಿರುತ್ತದೆ. ಮಾರ್ಗಶಿರ ಮಾಸದಲ್ಲಿ ರಾತ್ರಿಯೆಲ್ಲ ಮೆರೆಯುವ ಮೃಗಶಿರೆ, ಆರು ತಿಂಗಳ ಬಳಿಕ ಮೃಗಶಿರಾ ಮಳೆಯಲ್ಲಿ ಸಂಪೂರ್ಣ ಮರೆ. ಒಂದೇ ಶಬ್ದವನ್ನು ಬೇಸಾಯ ಒಂದು ತುದಿಯಿಂದ, ಪಂಚಾಂಗದ ಮಾಸಗಣನೆ ಇನ್ನೊಂದು ತುದಿಯಿಂದ ಹಿಡಿದಿವೆ. ನಮ್ಮ ನಿಘಂಟುಗಳ ‘ಒಂದು ನಕ್ಷತ್ರದ ಹೆಸರು’ ಎಂಬ ಅರ್ಥವಿವರಣೆಯಿಂದ ಇದು ತಿಳಿಯುವಂತಿಲ್ಲ. ಶ್ರೀಧರಾಚಾರ್ಯನು 1049ರಲ್ಲೇ ‘ಜಾತಕತಿಲಕ’ವನ್ನು ಕನ್ನಡದಲ್ಲಿ ಬರೆದ ನಾಡಿನಲ್ಲಿ ಇಂತಹ ಪದಗಳು ಬರಿಯ ಪದಗಳಾಗಿ ಉಳಿದಿರುವುದು ವಿಷಾದದ ಸಂಗತಿ.

ಖಗೋಳಜ್ಞರೂ ಶಾಸನಗಳತ್ತ ಬರುತ್ತಿದ್ದಾರೆ. ಬಿ. ಎಸ್. ಶೈಲಜಾ ಮತ್ತು ಗೀತಾ ಕೈದಾಳ ಗಣೇಶ ಅವರು ಶಾಸನಗಳಲ್ಲಿನ ಗ್ರಹಣಾದಿ ಉಲ್ಲೇಖಗಳನ್ನು ಕಲೆಹಾಕಿ ಗ್ರಂಥವೊಂದನ್ನೇ ಪ್ರಕಟಿಸಿದ್ದಾರೆ. ಸಾಹಿತ್ಯದ ವಿದ್ಯಾರ್ಥಿಗಳು ಎದುರಿನಿಂದ ಅಷ್ಟೇ ದೂರ ನಡೆದು ಬರಬೇಡವೆ?

ಮುಂದಿನ ವಾರ ಅದೇ ಹುಡುಗಿ ಪ್ರಶ್ನೆಯೊಂದನ್ನು ತಂದಳು. ಗ್ರಹಣಕಾಲದಲ್ಲಿ ದಾನಮಾಡಿದನೆಂದು ಶಾಸನ ಹೇಳುವಾಗ ದಾನಿಯು ಗ್ರಹಣವನ್ನು ನೋಡಿದ್ದನೋ, ಜೋಯಿಸರು ಹೇಳಿದ್ದನ್ನು ಕೇಳಿದ್ದನೋ? ಇದು ಗಟ್ಟಿಯಾದ ಪ್ರಶ್ನೆ. ನಮ್ಮ ನಾಡಿನಲ್ಲಿ ಗೋಚರಿಸದ ಗ್ರಹಣಗಳೂ ಶಾಸನಗಳಲ್ಲಿ ನಮೂದಾಗಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಪೊಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯ ನಮಗೆ ಅರ್ಧ ಗಂಟೆಯ ದಾರಿ; ಅಲ್ಲಿನ ಶಾಸನಗಳು ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಅಡಿಯಲ್ಲಿವೆ. ಆಕೆ ಆ ಸಂಪುಟವನ್ನು ಗ್ರಂಥಾಲಯದಿಂದ ತೆಗೆದುಕೊಂಡಿದ್ದಾಳೆ. ಗ್ರಹಣದಾನಗಳ ಪಟ್ಟಿ ಆರಂಭವಾಗಿದೆ.