ರಿಲೀಸ್ ಲಿಸ್ಟ್‌ಗಿಂತ ಮೊದಲೇ ನಾವು ಬಿಟ್ಟಿರ್ತೀವಿ

(1/4)

ಉದ್ದ ಕ್ಯಾಪ್ಷನ್ ಇದೆ, ಟೀ ತಗೊಂಡು ಬನ್ನಿ. ಒಂದು ತಪ್ಪು ಒಪ್ಕೋಬೇಕಿದೆ.

ನವೆಂಬರ್ 15ಕ್ಕೆ ಐಪಿಎಲ್ ಟೀಮುಗಳು ಯಾರನ್ನ ಇಟ್ಕೊಂಡ್ವು, ಯಾರನ್ನ ಬಿಟ್ವು ಅಂತ ಲಿಸ್ಟ್ ಬಂತಲ್ಲ. ನಮ್ಮ ಆರ್‌ಸಿಬಿ ಬಿಟ್ಟವರಲ್ಲಿ ಲಿವಿಂಗ್‌ಸ್ಟನ್ ಇದ್ದ, ಮಯಾಂಕ್ ಅಗರ್ವಾಲ್ ಇದ್ದ, ರಾಯಚೂರಿನ ಮನೋಜ್ ಭಾಂಡಗೆ ಇದ್ದ. ನಮ್ಮ ಕ್ಲಾಸ್ ಗ್ರೂಪಲ್ಲಿ ಬಂದ ಮೊದಲ ಮೆಸೇಜ್: "ಸೂಪರ್ ಮಗಾ, 8.75 ಕೋಟಿ ಉಳೀತು."

ಉಳಿದಿದ್ದು ನಿಜ. ಲಿವಿಂಗ್‌ಸ್ಟನ್‌ಗೆ ಕೊಟ್ಟಿದ್ದು ಅಷ್ಟೇ ದುಡ್ಡು. ಆದ್ರೆ ಜೂನ್ 3ರ ಫೈನಲ್ ಒಂದ್ಸಲ ನೆನಪು ಮಾಡ್ಕೊಳ್ಳಿ. ಮಯಾಂಕ್ 24 ಹೊಡೆದ, ಲಿವಿಂಗ್‌ಸ್ಟನ್ 25 ಹೊಡೆದ. ನಾವು ಗೆದ್ದಿದ್ದು 6 ರನ್ನಿಂದ. 18 ವರ್ಷ ಕಾದ ಕಪ್ಪಿನಲ್ಲಿ ಇವರ ಪಾಲೂ ಇದೆ. ಐದು ತಿಂಗಳಿಗೇ ಅವರು ನಮಗೆ ಬರೀ "ಉಳಿದ ದುಡ್ಡು" ಆಗಿಹೋದ್ರು.

(ಕಪ್ ಗೆದ್ದ ಮರುದಿನ ಸ್ಟೇಡಿಯಂ ಹೊರಗೆ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಅದರ ಬಗ್ಗೆ ನಾಲ್ಕು ಸಾಲಲ್ಲಿ ಬರೆದು ಮುಗಿಸೋಕೆ ನನಗೆ ಮನಸ್ಸಿಲ್ಲ, ಇನ್ನೊಮ್ಮೆ ಬರೀತೀನಿ.)

(2/4)

ಒಂದು ವರ್ಷ ಹಿಂದಕ್ಕೆ ಹೋಗೋಣ. 2024ರ ಅಕ್ಟೋಬರ್ 31. ನರಕ ಚತುರ್ದಶಿ. ಬೆಳಗ್ಗೆ ಎಣ್ಣೆ ಸ್ನಾನ ಮಾಡಿ, ಹೋಳಿಗೆ ತಿಂದು, ಸಂಜೆ ಫೋನ್ ಹಿಡ್ಕೊಂಡು ಕೂತಿದ್ದೆ. ಆರ್‌ಸಿಬಿ ಇಟ್ಕೊಂಡಿದ್ದು ಮೂರೇ ಜನ: ಕೊಹ್ಲಿ 21 ಕೋಟಿ, ರಜತ್ ಪಾಟಿದಾರ್ 11 ಕೋಟಿ, ಯಶ್ ದಯಾಳ್ 5 ಕೋಟಿ. ಸಿರಾಜ್ ಹೆಸರಿಲ್ಲ.

ಹರಾಜಲ್ಲಿ ವಾಪಸ್ ತಗೋತಾರೆ ಅಂತ ಸಮಾಧಾನ ಮಾಡ್ಕೊಂಡೆ. ಆರ್‌ಟಿಎಂ ಕಾರ್ಡ್ ಬೇರೆ ಇತ್ತಲ್ಲ, ಬೇರೆ ಟೀಮ್ ಕೂಗಿದ ರೇಟಿಗೇ ಹಳೇ ಆಟಗಾರನನ್ನ ವಾಪಸ್ ಪಡೆಯೋ ಹಕ್ಕು. ಜೆಡ್ಡಾದಲ್ಲಿ ಗುಜರಾತ್ ಟೈಟನ್ಸ್ 12.25 ಕೋಟಿಗೆ ಬಂದು ನಿಂತಿತು. ನಮ್ಮವರು ಕಾರ್ಡ್ ಬಳಸಲಿಲ್ಲ. ಏಳು ಸೀಸನ್ನಿನ ಸಂಬಂಧ ಕೆಲವೇ ಸೆಕೆಂಡಲ್ಲಿ ಮುಗೀತು. ನಿಜ ಹೇಳ್ತೀನಿ, ಅತ್ತೆ.

ಆಮೇಲೆ 2025ರ ಏಪ್ರಿಲ್ 2. ಅದೇ ಚಿನ್ನಸ್ವಾಮಿ, ಎದುರಾಳಿ ಜೆರ್ಸಿಯಲ್ಲಿ ಸಿರಾಜ್. 19 ರನ್ ಕೊಟ್ಟು 3 ವಿಕೆಟ್, ಪಂದ್ಯಶ್ರೇಷ್ಠ. ನಾವು ಸೋತ್ವಿ. ಹಾಸ್ಟೆಲ್‌ನಲ್ಲಿ ಎಲ್ಲರೂ ಮ್ಯಾನೇಜ್‌ಮೆಂಟಿಗೆ ಬೈತಿದ್ರು. ನಾನು ಎಲ್ಲರಿಗಿಂತ ಜೋರಾಗಿ.

(3/4)

ಈಗ ಬಿಕಾಂ ಬುದ್ಧಿ ಉಪಯೋಗಿಸೋಣ. ಕಾಸ್ಟಿಂಗ್ ಕ್ಲಾಸಲ್ಲಿ ಸಂಕ್ ಕಾಸ್ಟ್ ಓದಿದ್ವಲ್ಲ? ಆಗಲೇ ಖರ್ಚಾಗಿ ಹೋಗಿದ್ದನ್ನ ನೋಡಿ ಮುಂದಿನ ನಿರ್ಧಾರ ತಗೋಬಾರದು. ಸಿರಾಜ್ ಜೊತೆಗಿನ ಏಳು ವರ್ಷ ಟೀಮಿಗೆ ಸಂಕ್ ಕಾಸ್ಟ್. ಅವರು ಮುಂದೆ ನೋಡಿದ್ರು. ಹೇಜಲ್‌ವುಡ್‌ಗೆ 12.50 ಕೋಟಿ, ಭುವನೇಶ್ವರ್‌ಗೆ 10.75, ಕೃನಾಲ್‌ಗೆ 5.75 ಕೊಟ್ರು. ಸೀಸನ್ ಮುಗಿದಾಗ ಹೇಜಲ್‌ವುಡ್ 22 ವಿಕೆಟ್, ಭುವಿ 17, ಕೃನಾಲ್ 17. ಫೈನಲ್‌ನಲ್ಲಿ ಪಂದ್ಯಶ್ರೇಷ್ಠ ಕೃನಾಲ್. ಲೆಕ್ಕ ಟ್ಯಾಲಿ ಆಯ್ತು. ನಾನು ಬೈದಿದ್ದು ತಪ್ಪಾಯ್ತು.

ಆದ್ರೂ ಸಂಕಟ ಹೋಗಲಿಲ್ಲ. ಯಾಕೆ ಅಂತ ಇನ್ನೊಂದು ಪಾಠ ಹೇಳ್ಕೊಡ್ತು: ಗುಡ್‌ವಿಲ್. ಅಕೌಂಟಿಂಗ್ ಸ್ಟ್ಯಾಂಡರ್ಡ್ 26 ನೆನಪಿದೆಯಾ? ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ಬ್ಯಾಲೆನ್ಸ್ ಶೀಟಲ್ಲಿ ಕಾಣತ್ತೆ. ಒಳಗಿಂದ ತಾನಾಗೇ ಬೆಳೆದಿದ್ದನ್ನ ಬರೆಯೋ ಹಾಗಿಲ್ಲ. ಅದು ಇಲ್ಲ ಅಂತಲ್ಲ, ನಂಬಬಹುದಾದ ಅಳತೆಗೆ ಸಿಗಲ್ಲ ಅಂತ.

ಆಟಗಾರನ ಮೇಲೆ ನಮಗಿರೋ ಪ್ರೀತಿ ಅಂಥದ್ದು. ಟೀಮಿನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ಆ ಲೆಕ್ಕ ಇಡೋ ಕೆಲಸ ಫ್ಯಾನ್‌ಗಳದ್ದು ಮಾತ್ರ.

ಸರಿ, ನಾವು ಇಟ್ಟಿದ್ದೀವಾ?

(4/4)

ಒಪ್ಕೋಬೇಕು ಅಂದಿದ್ದು ಇದು.

2019ರ ಏಪ್ರಿಲ್, ಕೆಕೆಆರ್ ಮ್ಯಾಚ್. ಸಿರಾಜ್ ಎರಡು ಬೀಮರ್ ಹಾಕಿ, ಓವರ್ ಪೂರ್ತಿ ಮಾಡೋಕೂ ಬಿಡದೆ ಅಂಪೈರ್ ಬೌಲಿಂಗ್‌ನಿಂದ ತೆಗೆದರು. ರಸೆಲ್ 13 ಬಾಲಿಗೆ 48 ಹೊಡೆದು ನಮ್ಮ ಕೈಯಿಂದ ಮ್ಯಾಚ್ ಕಿತ್ಕೊಂಡ. ಆ ದಿನಗಳಲ್ಲಿ ಒಂದು ಮೀಮ್ ಓಡಾಡ್ತಿತ್ತು, ಕ್ರಿಕೆಟ್ ಬಿಟ್ಟು ಅಪ್ಪನ ಜೊತೆ ಆಟೋ ಓಡಿಸೋಕೆ ಹೋಗು ಅಂತ. ಅವರಪ್ಪ ಹೈದರಾಬಾದಲ್ಲಿ ಆಟೋ ಓಡಿಸ್ತಿದ್ರು. ಅಮ್ಮನ ಫೋನಿಂದ ಆ ಮೀಮನ್ನ ಮೂರು ಗ್ರೂಪಿಗೆ ಫಾರ್ವರ್ಡ್ ಮಾಡಿದ್ದು ನಾನು. ನಮ್ಮಪ್ಪ ನೋಡಿ ಬೈಲಿಲ್ಲ. "ಆಟೋ ಓಡ್ಸೋದು ಏನ್ ತಪ್ಪು?" ಅಂತ ಒಂದೇ ಮಾತು ಕೇಳಿದ್ರು. ನನ್ನತ್ರ ಉತ್ತರ ಇರಲಿಲ್ಲ.

ಮುಂದಿನ ವರ್ಷ ಅಬುಧಾಬಿಯಲ್ಲಿ ಅದೇ ಕೆಕೆಆರ್ ಮೇಲೆ 8 ರನ್ನಿಗೆ 3 ವಿಕೆಟ್ ತೆಗೆದ, ಒಂದೇ ಮ್ಯಾಚಲ್ಲಿ ಎರಡು ಮೇಡನ್. ಐಪಿಎಲ್‌ನಲ್ಲಿ ಅದು ಮೊದಲ ಸಲ. ಮರುತಿಂಗಳು, ಅವನು ಆಸ್ಟ್ರೇಲಿಯಾದಲ್ಲಿದ್ದಾಗ, ಅವರಪ್ಪ ತೀರಿಕೊಂಡ್ರು. ವಾಪಸ್ ಬರದೆ ಅಲ್ಲೇ ಇದ್ದು ಟೆಸ್ಟ್ ಆಡಿದ. ಗಾಬಾದಲ್ಲಿ ಐದು ವಿಕೆಟ್. ಅವತ್ತು ನಾನು "ನಮ್ಮ ಸಿರಾಜ್" ಅಂತ ಸ್ಟೇಟಸ್ ಹಾಕಿದೆ. ಹಳೇ ಮೀಮ್ ಯಾರಿಗೂ ಹೇಳದೆ ಡಿಲೀಟ್ ಮಾಡಿದೆ.

ಅಂದ್ರೆ ಟೀಮ್ ಅವನನ್ನ 2024ರಲ್ಲಿ ಬಿಟ್ಟಿತು. ನಾನು 2019ರಲ್ಲೇ ಬಿಟ್ಟಿದ್ದೆ. ಟೀಮ್ ಬಿಡುವಾಗ ಕನಿಷ್ಠ ಒಂದು ಥ್ಯಾಂಕ್ಸ್ ಪೋಸ್ಟ್ ಹಾಕತ್ತೆ. ನಾವು ಅದನ್ನೂ ಹಾಕಲ್ಲ.

ಮೊನ್ನೆ ಲಿಸ್ಟ್ ನೋಡಿದ ಮೇಲೆ ನಮ್ಮ ಗ್ರೂಪಲ್ಲಿ "ಭಾಂಡಗೆ" ಅಂತ ಸರ್ಚ್ ಮಾಡಿದೆ. ಏಪ್ರಿಲ್ 18, ಮಳೆ ಬಂದು 14 ಓವರಿಗೆ ಇಳಿದ ಪಂಜಾಬ್ ಮ್ಯಾಚ್. ಒಂದರ ಹಿಂದೆ ಒಂದು ವಿಕೆಟ್ ಬೀಳ್ತಿದ್ದಾಗ ಇಂಪ್ಯಾಕ್ಟ್ ಪ್ಲೇಯರ್ ಆಗಿ ಇಳಿದು ಒಂದೇ ರನ್ನಿಗೆ ಔಟಾದ. ರಾಯಚೂರಿಂದ ಚಿನ್ನಸ್ವಾಮಿವರೆಗೆ ಬಂದ ಹುಡುಗ. ಅವತ್ತು ನಾನು ಟೈಪ್ ಮಾಡಿದ್ದು ಇಷ್ಟೇ: "ಯಾರ್ ಗುರು ಇವ್ನು, ಯಾಕೆ ಕಳಿಸ್ತಾರೆ ಇಂಥವ್ರನ್ನ."

ಇಪ್ಪತ್ತು ವರ್ಷ ಆದ್ರೂ ಮೂರು ಗ್ರೂಪಿಗೆ ಮೀಮ್ ಕಳಿಸಿದ ಆ ಹುಡುಗಬುದ್ಧಿ ಹೋಗಿಲ್ಲ ನೋಡಿ.

ಮತ್ತೆ ಹರಾಜು ಬರತ್ತೆ. ಹೊಸಬರು ಬರ್ತಾರೆ, ಬರಲಿ. ಅದಕ್ಕಿಂತ ಮೊದಲು ಹೋದವರಲ್ಲಿ ಒಬ್ಬರ ಹೆಸರು ಕಾಮೆಂಟಲ್ಲಿ ಬರೀರಿ, ಅವರು ನಿಮಗೆ ಕೊಟ್ಟ ಒಂದು ಸಂಜೆಯ ಜೊತೆ. ನಾನು ಶುರು ಮಾಡ್ತೀನಿ: ಮಯಾಂಕ್ ಅಗರ್ವಾಲ್, ಜೂನ್ 3, 24 ರನ್. ಥ್ಯಾಂಕ್ಸ್.