ಛತ್ರದ ಋಣ

ಸ್ವಂತ ಮನೆಯ ಮೇಲೆ ಮಮತೆಯಿರುವುದು ಸಹಜವು. ಎರಡು ದಿನಗಳ ಬಾಡಿಗೆಗೆ ದೊರೆತ ಛತ್ರದ ಮೇಲೆ ಜೀವಮಾನವೆಲ್ಲ ಮಮತೆಯಿರುವುದಕ್ಕೆ ಏನೆನ್ನೋಣ? ನಂಜನಗೂಡಿನ ಕಪಿಲಾತೀರದ ಛತ್ರವೊಂದರಲ್ಲಿ 1980ರಲ್ಲಿ ನಮ್ಮ ವಿವಾಹವು ನೆರವೇರಿತು. ಅಂದಿನಿಂದ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ, ನದಿಯಲ್ಲಿ ಮಿಂದು, ಶ್ರೀಕಂಠೇಶ್ವರನ ದರ್ಶನಮಾಡಿ, ಛತ್ರದ ಜಗುಲಿಯಲ್ಲಿ ಬುತ್ತಿಯುಣ್ಣುವುದು ನಮಗೊಂದು ವ್ರತವಾಗಿದೆ. ವೈನಾಡಿನ ಮಳೆಯಿಂದ 2019ರಲ್ಲಿ ಕಪಿಲೆಯು ಉಕ್ಕಿ ಊರನ್ನು ಹೊಕ್ಕಾಗ, ನನ್ನಾಕೆಯು ತವರುಮನೆಯೇ ಮುಳುಗಿತೆಂಬಂತೆ ಕಳವಳಪಟ್ಟಳು.

ಈ ವರ್ಷ ಮೊಳಕಾಲುನೋವಿನಿಂದ ಅವಳು ಸೋಪಾನವನ್ನಿಳಿಯಲಾರದಾದಳು. ನಾನು ಚೊಂಬಿನಲ್ಲಿ ನೀರು ತಂದು ಅವಳ ಪಾದಗಳಿಗೆ ಎರೆದೆನು. "ಅಂದು ನಮ್ಮ ತಂದೆಯವರು ಇಲ್ಲಿಯೇ ನಿಮ್ಮ ಪಾದ ತೊಳೆದರು, ಆ ಸಾಲ ಇಂದು ತೀರಿತು" ಎಂದು ನಕ್ಕಳು. ತೀರಿತೆಂದು ನನಗೆ ತೋರಲಿಲ್ಲ. ಮನೆಯಲ್ಲಿ ನಾವು ಒಡೆಯರು, ಛತ್ರದಲ್ಲಿ ಪಡೆದುಕೊಂಡವರು. ಪಡೆದುದನ್ನು ನೆನೆಯಲು ಅಂತಹ ಒಂದು ಸ್ಥಳವು ಬೇಕು.